ಗಾಳ, ಬಕ, ಸಂಕಲ್ಪ

ಗಾಳ ಹಾಕಿ ಕೂರುವುದರಲ್ಲಿ ಸುಖವಿದೆ ಎಂಬುದು ಹೊಸಪೇಟೆ ಸೀಮೆಗೆ ಬೇಸಿಗೆ ರಜೆಯಲ್ಲಿ ಬರುವವರಿಗೆ ಸಾಮಾನ್ಯವಾಗಿ ಅಕಸ್ಮಾತ್ತಾಗಿ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹಂಪಿಯ ಬಂಡೆಗಳು ಬೆಳಗಿನ ಹತ್ತು ಗಂಟೆಗೇ ಕಾದು ಹೆಂಚಾಗುತ್ತವೆ. ಗುಡಿ ನೋಡುವುದೆಲ್ಲ ಅಷ್ಟರೊಳಗೆ ಮುಗಿಯಬೇಕು. ಉಳಿದ ಹಗಲು ನೀರಿನ ಹತ್ತಿರವೇ ಕಳೆಯುವಂಥದು. ಆ ಹೊತ್ತಿಗೆ ತುಂಗಭದ್ರಾ ಜಲಾಶಯದ ಹಿನ್ನೀರು ಬಲು ದೂರ ಸರಿದು, ಮುಳುಗಡೆಯಾದ ನಾರಾಯಣದೇವರಕೆರೆಯಂಥ ಊರುಗಳ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಅಣೆಕಟ್ಟಿನ ಕೆಳಗೆ ಕಂಪ್ಲಿಯ ಕಡೆಗೆ ಹೊಳೆ ಬಂಡೆಗಳ ನಡುವೆ ಮಡುಗಳಾಗಿ ನಿಲ್ಲುತ್ತದೆ. ಸಂಡೂರಿನಲ್ಲಿ ತಾರಾನಗರದ ಬಳಿಯ ನಾರಿಹಳ್ಳ ಜಲಾಶಯವೂ ಇಳಿದಿರುತ್ತದೆ. ನೀರು ಕಡಿಮೆಯಾದಷ್ಟೂ ಮೀನು ಒತ್ತಾಗುತ್ತದೆ. ದಡದ ಹುಡುಗನ ಕೈಯಲ್ಲಿ ಒಂದು ಬಿದಿರ ಕೋಲು, ನೈಲಾನ್ ದಾರ, ಬೆಂಡು, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣಿನೊಂದಿಗೆ ಎರೆಹುಳು. ಒಂದು ಸಲ ಕೊಡು ಎಂದು ಇಸಕೊಂಡ ಪಟ್ಟಣದವನು ಮಧ್ಯಾಹ್ನದ ಊಟ ಮರೆಯುತ್ತಾನೆ.

ಈ ಸುಖದ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದರ ಬಹುಭಾಗ ಕಾಯುವುದರಲ್ಲಿದೆ. ಬೆಂಡಿನ ಮೇಲೆ ಕಣ್ಣು ನೆಟ್ಟವನಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ, ಮಾತು ಬೇಕೆನಿಸುವುದಿಲ್ಲ. ಉಳಿದದ್ದು ಒಂದೇ ಕ್ಷಣದ್ದು: ಬೆಂಡು ಅಲುಗಿ, ಮುಳುಗಿ, ದಾರ ಬಿಗಿದು, ನೀರೊಳಗಿನ ಕಾಣದ ಜೀವವೊಂದರ ಸೆಳೆತ ಮಣಿಕಟ್ಟಿಗೆ ಬಂದು ಮುಟ್ಟುವ ಕ್ಷಣ. ಮೊದಲನೆಯದು ಧ್ಯಾನಕ್ಕೆ ಹತ್ತಿರದ್ದೆನ್ನುವಂತಿದೆ, ಎರಡನೆಯದು ಬೇಟೆಗೆ. ಎರಡನ್ನೂ ಹೊಲಿದಿರುವುದು ಒಂದೇ ದಾರ. ಹೊಟ್ಟೆಗೆ ಬೇಕಾಗಿಯೂ ಅಲ್ಲ, ಕಸುಬಾಗಿಯೂ ಅಲ್ಲ, ಬರೀ ವಿನೋದಕ್ಕೆ ಮೀನು ಹಿಡಿಯುವವನ ಸುಖ ಧರ್ಮಕ್ಕೆ ಸಲ್ಲುವಂಥದೇ ಎಂಬ ಪ್ರಶ್ನೆ ಏಳುವುದು ಈ ಹೊಲಿಗೆಯಿಂದ. ಪ್ರಶ್ನೆ ಹೊಸದಲ್ಲ, ಕನ್ನಡ ನಾಡಿನಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಚರ್ಚೆಯಿದೆ.

ವಿನೋದದ ಪರವಾದ ದೊಡ್ಡ ದಾಖಲೆ ಒಬ್ಬ ಅರಸನದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, 1126ರಿಂದ 1138ರವರೆಗೆ ಪಟ್ಟದಲ್ಲಿದ್ದವನು, ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ನೂರು ಅಧ್ಯಾಯಗಳ ಕೋಶವೊಂದನ್ನು ರಚಿಸಿದ. ಅದರ ನಾಲ್ಕನೆಯ ವಿಂಶತಿಯಲ್ಲಿ ಅರಸನ ಇಪ್ಪತ್ತು ವಿನೋದಗಳು ಬರುತ್ತವೆ. ಮಲ್ಲಯುದ್ಧ, ಕೋಳಿ ಅಂಕ, ಟಗರಿನ ಕಾಳಗ ಇವೆಲ್ಲ ಆದ ಮೇಲೆ, ಗಿಡುಗನ ಬೇಟೆಗೂ ಮೃಗಬೇಟೆಗೂ ನಡುವೆ, ಮತ್ಸ್ಯವಿನೋದಕ್ಕೆ ಒಂದು ಪೂರ್ಣ ಅಧ್ಯಾಯವೇ ಮೀಸಲು. ಸಮುದ್ರದ ಮೀನು, ಹೊಳೆಯ ಮೀನು, ಪೊರೆಯುಳ್ಳದ್ದು, ಇಲ್ಲದ್ದು, ದೊಡ್ಡದು, ಚಿಕ್ಕದು ಎಂದು ವಿಂಗಡಿಸಿ, ಯಾವ ಜಾತಿಗೆ ಯಾವ ತಿನಿಸು ಹಾಕಿ ಒಲಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ ಗಾಳಗಾರಿಕೆಯನ್ನು ಚಿಂತನಶೀಲನ ಮನರಂಜನೆಯೆಂದು ಕೊಂಡಾಡಿ ಪುಸ್ತಕ ಹೊರತಂದದ್ದು 1653ರಲ್ಲಿ, ಅಂದರೆ ಇದಾದ ಐದು ಶತಮಾನಗಳ ಮೇಲೆ. ಮೀನುಶಾಸ್ತ್ರಜ್ಞ ಸುಂದರ್‌ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಪ್ರಕಟಿಸಿ ಅದನ್ನು ವಿಜ್ಞಾನಿಗಳ ಗಮನಕ್ಕೆ ತಂದರು.

ಸೋಮೇಶ್ವರನಿಗೆ ಧರ್ಮಸಂಕಟ ಕಾಡಿದಂತೆ ಅಧ್ಯಾಯದಲ್ಲಿ ಕಾಣುವುದಿಲ್ಲ. ಕ್ಷತ್ರಿಯನಿಗೆ ಬೇಟೆ ಸಲ್ಲುತ್ತದೆ, ಮೀನು ಬೇಟೆಯ ಒಂದು ಬಗೆ, ಅಲ್ಲಿಗೆ ಮುಗಿಯಿತು. ಆದರೆ ಅದೇ ಸಂಸ್ಕೃತ ಪರಂಪರೆಯಲ್ಲಿ ಬೇಟೆಯ ಸ್ಥಾನ ಅಷ್ಟು ಭದ್ರವಾಗಿರಲಿಲ್ಲ. ಮನುಸ್ಮೃತಿ ಬೇಟೆಯನ್ನು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳಲ್ಲಿ ಸೇರಿಸುತ್ತದೆ. ಕೌಟಿಲ್ಯ ಜೂಜಿಗಿಂತ ಬೇಟೆ ಮೇಲು, ಮೈಗೆ ವ್ಯಾಯಾಮವಾದರೂ ಆಗುತ್ತದೆ ಎಂದು ವಾದಿಸುತ್ತಾನೆ. ಮೀನಿನ ಊಟದ ವಿಚಾರಕ್ಕೆ ಬಂದರೆ ಮನುವಿನ ತೊಡಕು ಇನ್ನೂ ಚೆಲುವಾದದ್ದು: ಐದನೆಯ ಅಧ್ಯಾಯದಲ್ಲಿ ಮೀನು ತಿನ್ನುವವನು ಎಲ್ಲ ಮಾಂಸವನ್ನೂ ತಿಂದವನೇ ಎಂದು ಒಂದು ಶ್ಲೋಕ ಗದರಿಸಿದರೆ, ಅದರ ಮಗ್ಗುಲಿನ ಶ್ಲೋಕ ಪಾಠೀನ, ರೋಹಿತ ಮುಂತಾದ ಕೆಲವನ್ನು ಹವ್ಯಕವ್ಯಗಳಿಗೆ ಬಿಟ್ಟುಕೊಡುತ್ತದೆ. ಇಲ್ಲೊಂದು ಮಾತು ಬಿಡುವಂತಿಲ್ಲ. ಸೋಮೇಶ್ವರನ ಅಜ್ಜ, ಆಹವಮಲ್ಲನೆಂದು ಹೆಸರಾದ ಒಂದನೆಯ ಸೋಮೇಶ್ವರ, ವಾಸಿಯಾಗದ ಕಾಯಿಲೆಯಿಂದ ಬಳಲಿ 1068ರ ಬೇಸಿಗೆಯಲ್ಲಿ ಹೊಸಪೇಟೆಯಿಂದ ಮೇಲೆ ಕುರುವತ್ತಿಯಲ್ಲಿ ಇದೇ ತುಂಗಭದ್ರೆಗೆ ಇಳಿದು ಜಲಸಮಾಧಿಯಾದ. ಅಜ್ಜನಿಗೆ ಪರಮಯೋಗದ ಜಾಗವಾದ ಹೊಳೆನೀರು ಮೊಮ್ಮಗನಿಗೆ ವಿನೋದದ ಜಾಗ. ಎರಡೂ ಒಂದೇ ಮನೆತನದೊಳಗೆ ಹಿಡಿಸಿದವು.

ಹೊಳೆಗೂ ಈ ಇಬ್ಬಗೆ ಉದ್ದಕ್ಕೂ ಅಂಟಿಕೊಂಡಿದೆ. ಶೃಂಗೇರಿಯಲ್ಲಿ ತುಂಗೆಯ ಮೀನುಗಳು ದೇವರ ಮೀನುಗಳು. ಭಕ್ತರು ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎರಚುತ್ತಾರೆ, ಅವುಗಳನ್ನು ಹಿಡಿಯುವ ಮಾತೇ ಇಲ್ಲ. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ ಅದೇ ನೀರು ಹೊಸಪೇಟೆಗೆ ಬಂದಾಗ ಟಿ.ಬಿ. ಡ್ಯಾಮಿನ ಆಸುಪಾಸಿನ ಅಂಗಡಿಗಳಲ್ಲಿ ಮೀನು ಖಾರ ಹಚ್ಚಿಕೊಂಡು ಎಣ್ಣೆಗೆ ಬೀಳುತ್ತದೆ. ಹತ್ತು ಹದಿನೈದು ಕಿಲೋಮೀಟರ್ ಕೆಳಗೆ, ಹಂಪಿಯ ವಿರೂಪಾಕ್ಷನ ಸನ್ನಿಧಿಯಲ್ಲಿ, ಮಾಂಸ–ಮದ್ಯಕ್ಕೆ ಮತ್ತೆ ನಿಷೇಧ. ಅದನ್ನು ದಾಟಿ ಕಂಪ್ಲಿಗೆ ಹೋದರೆ ಬಲೆಯ ಕಸುಬು ಪುನಃ ಶುರು. ಒಂದೇ ಮೀನು ಈಜುತ್ತಾ ಹೋದರೆ ಎಷ್ಟು ಸಲ ದೇವರಾಗಿ ಎಷ್ಟು ಸಲ ಸಾರಾದೀತೆಂದು ಲೆಕ್ಕ ಹಾಕಬಹುದು. ವಿಜಯನಗರದ ಕಾಲಕ್ಕೂ ಚಿತ್ರ ಬೇರೆಯಿರಲಿಲ್ಲ. ಗುಡಿಯ ಕಂಬಗಳಲ್ಲಿ ಮತ್ಸ್ಯಾವತಾರವನ್ನು ಕೆತ್ತಿದ ಇದೇ ರಾಜಧಾನಿಯಲ್ಲಿ, ಶುಕ್ರವಾರದ ಸಂತೆಗೆ ಕಡಲಿನ ಒಣಮೀನು ಬರುತ್ತಿದ್ದುದನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟಿದ್ದಾನೆ. ಬೆತ್ತ ಹೆಣೆದು ತೊಗಲು ಹೊದಿಸಿದ ಬುಟ್ಟಿಯಂಥ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದೂ ಅವನ ಕಣ್ಣಿಗೆ ಬಿದ್ದಿದೆ. ಅವೇ ಇಂದಿನ ಹರಿಗೋಲುಗಳು, ತೊಗಲಿನ ಬದಲು ಪ್ಲಾಸ್ಟಿಕ್ಕು, ಟಾರು.

ಹಂಪಿಯ ಸ್ಥಳಪುರಾಣದಲ್ಲಿಯೂ ಮೀನು ಇದೆ, ಓರೆಯಾಗಿ. ತಪಸ್ಸಿನಲ್ಲಿದ್ದ ಶಿವನನ್ನು ಪಂಪಾದೇವಿಯ ಕಡೆಗೆ ತಿರುಗಿಸಲು ಬಾಣ ಬಿಟ್ಟ ಮನ್ಮಥ ಸುಟ್ಟು ಬೂದಿಯಾದದ್ದು ಹೇಮಕೂಟದಲ್ಲೆಂದು ನಂಬಿಕೆ. ವಿರೂಪಾಕ್ಷ ಗುಡಿಯ ಬಡಗಣ ಮಗ್ಗುಲಿನ ಹೊಂಡಕ್ಕೆ ಇಂದಿಗೂ ಮನ್ಮಥ ಹೊಂಡವೆಂದೇ ಹೆಸರು. ಆ ಮನ್ಮಥ ಮೀನಕೇತನ, ಮೀನನ್ನೇ ಬಾವುಟದಲ್ಲಿ ಹೊತ್ತವನು. ಆಸೆಗೂ ಮೀನಿಗೂ ಈ ನಂಟು ಹೇಗೆ ಬಂತೆಂಬುದಕ್ಕೆ ಭಾಗವತದ ಹನ್ನೊಂದನೆಯ ಸ್ಕಂಧ ಒಂದು ದಾರಿ ತೋರಿಸುತ್ತದೆ. ಅಲ್ಲಿ ಅವಧೂತನೊಬ್ಬ ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸುವಾಗ ಮೀನನ್ನೂ ಎಣಿಸುತ್ತಾನೆ: ಮಿಕ್ಕೆಲ್ಲ ಇಂದ್ರಿಯ ಗೆದ್ದರೂ ನಾಲಿಗೆಯ ಚಪಲ ಗೆಲ್ಲದವನು ಗಾಳದ ಮೀನಿನಂತೆ ಸಾಯುತ್ತಾನೆಂಬುದು ಮೀನು ಕಲಿಸಿದ ಪಾಠ. ಶಿಷ್ಯ ಕಲಿಯಲೆಂದು ಗುರು ಪ್ರಾಣ ಬಿಡುವ ಈ ಏರ್ಪಾಡಿನಲ್ಲಿ ಗಾಳ ಹಿಡಿದವನ ಬಗ್ಗೆ ಅವಧೂತ ಏನೂ ಹೇಳುವುದಿಲ್ಲ. ಗಾಳ ಹಿಡಿದವನನ್ನು ಪ್ರಶ್ನಿಸಿದವರು ಜೈನರು.

ಜೈನ ಆಚಾರ್ಯರು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ: ಅಡುಗೆ, ಕುಟ್ಟುವುದು, ಬೀಸುವುದು ಮುಂತಾದ ಮನೆವಾರ್ತೆಯಲ್ಲಿ ಆಗುವ ಆರಂಭಿ, ಬದುಕಿನ ಕಸುಬಿನಲ್ಲಿ ಆಗುವ ಉದ್ಯೋಗಿ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧಿ, ಬೇಕೆಂದೇ ಎಸಗುವ ಸಂಕಲ್ಪಿ. ಗೃಹಸ್ಥನಿಗೆ ಮೊದಲ ಮೂರನ್ನು ಪೂರ್ತಿ ತಪ್ಪಿಸಲಾಗದು, ನಾಲ್ಕನೆಯದನ್ನು ಬಿಡಲೇಬೇಕು. ಪಂಪನಿಗೆ ಆಸರೆಯಾಗಿದ್ದ ಅರಿಕೇಸರಿಯ ಮನೆತನದ ಆಶ್ರಯದಲ್ಲೇ, 959ರಲ್ಲಿ, ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿ ಇದಕ್ಕೆ ಕೊಡುವ ದೃಷ್ಟಾಂತ ಮೀನಿನದೇ. ಬೆಸ್ತ ಒಂದು ಮೀನನ್ನೂ ಕೊಲ್ಲದೆ ಮನೆಗೆ ಮರಳಿದರೂ ಪಾಪಿ, ರೈತ ಉಳುವಾಗ ಎಷ್ಟೋ ಹುಳುಹುಪ್ಪಟೆ ಸತ್ತರೂ ಪಾಪಿಯಲ್ಲ, ಏಕೆಂದರೆ ಮನಸ್ಸಿನಲ್ಲಿದ್ದದ್ದು ಬೇರೆ ಬೇರೆ. ಪಾಪವನ್ನು ಬುಟ್ಟಿಯಲ್ಲಿನ ಮೀನಿನ ಲೆಕ್ಕದಿಂದ ಕಿತ್ತು ಎದೆಯೊಳಗಿನ ಎಣಿಕೆಗೆ ಕಟ್ಟಿದ ಈ ವಾದ ಬಹಳ ಹರಿತವಾದದ್ದು. ದಿನವಿಡೀ ಕೂತು ಏನೂ ಸಿಗದೆ ಎದ್ದುಬಂದ ರಜೆಯವನು ತಾನು ಯಾರಿಗೂ ಕೆಡುಕು ಮಾಡಲಿಲ್ಲ ಎನ್ನುವಂತಿಲ್ಲ.

ಇದೇ ವಾದಕ್ಕೆ ಜನ್ನ 1209ರ ‘ಯಶೋಧರ ಚರಿತೆ’ಯಲ್ಲಿ ಕಥೆಯ ಮೈ ಕೊಟ್ಟ. ತಾಯಿಯ ಒತ್ತಾಯಕ್ಕೆ ಅರಸ ಯಶೋಧರ ಚಂಡಮಾರಿಗೆ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿ ಬಲಿಕೊಡುತ್ತಾನೆ. ಸತ್ತದ್ದು ಹಿಟ್ಟು, ಆದರೂ ಕೊಲ್ಲುವ ಸಂಕಲ್ಪವೊಂದೇ ತಾಯಿ ಮಗನನ್ನು ಜನ್ಮಜನ್ಮಕ್ಕೆ ಪ್ರಾಣಿಗಳಾಗಿ ಅಲೆಸುತ್ತದೆ, ಒಂದು ಜನ್ಮದಲ್ಲಿ ಯಶೋಧರ ಮೀನಾಗಿಯೇ ಹುಟ್ಟಿ ಮನುಷ್ಯರ ಕೈಗೆ ಸಿಕ್ಕಿ ಸಾಯುತ್ತಾನೆ. ಹಂಪಿಯಲ್ಲಿ ಈ ಪರಂಪರೆ ಕಲ್ಲಾಗಿ ನಿಂತಿದೆ: ಎರಡನೆಯ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕಟ್ಟಿಸಿದ ಕುಂಥುನಾಥ ಜಿನಾಲಯವನ್ನು ಇಂದು ಜನ ಗಾಣಿಗಿತ್ತಿ ಗುಡಿ ಎನ್ನುತ್ತಾರೆ. ಕಮಲಾಪುರದ ರಸ್ತೆಯಲ್ಲಿ ಅದರ ಮುಂದಿನಿಂದಲೇ ಪ್ರವಾಸಿಗಳ ಆಟೋಗಳು ಹಾದುಹೋಗುತ್ತವೆ.

ಸೋಮದೇವನಲ್ಲಿ ಇನ್ನೊಂದು ಕಥೆಯಿದೆ. ಗಾಳಗಾರರಿಗೆ ಅದು ಹೆಚ್ಚು ಬೇಕಾದದ್ದು. ಮೃಗಸೇನನೆಂಬ ಬೆಸ್ತ ಮುನಿಯೊಬ್ಬರಿಂದ ಚಿಕ್ಕದೊಂದು ವ್ರತ ಹಿಡಿಯುತ್ತಾನೆ: ದಿನದ ಮೊದಲ ಮೀನನ್ನು ಕೊಲ್ಲುವುದಿಲ್ಲ. ಅಂದು ಬಲೆಗೆ ಬಿದ್ದ ಮೊದಲ ಮೀನಿಗೆ ಗುರುತಿಗೆ ಬಟ್ಟೆಯ ಚೂರು ಕಟ್ಟಿ ನೀರಿಗೆ ಬಿಟ್ಟ. ಬೇರೆ ಕಡೆ ಬಲೆ ಬೀಸಿದರೂ ಅದೇ ಮೀನು. ಹೀಗೆ ಐದು ಸಲ. ಬರಿಗೈಯಲ್ಲಿ ಬಂದವನನ್ನು ಹೆಂಡತಿ ಒಳಗೆ ಬಿಡಲಿಲ್ಲ. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಮುಂದಿನ ಜನ್ಮದಲ್ಲಿ ಐದು ಸಲ ಸಾವಿನಿಂದ ಪಾರಾದ, ಬಿಟ್ಟ ಮೀನಿನ ಲೆಕ್ಕಕ್ಕೆ ಸರಿಯಾಗಿ. ಹಿಡಿದು ಬಿಡುವುದರ ಪುಣ್ಯ ಇಷ್ಟು ಕರಾರುವಾಕ್ಕಾಗಿ ಅಳೆದ ಕಥೆ ಬೇರೆ ಸಿಗುವುದು ಕಷ್ಟ. ಆದರೆ ಕಥೆಯ ಜೀವ ಇರುವುದು ವ್ರತದ ಬೆಲೆಯಲ್ಲಿ. ಮೃಗಸೇನ ಬಿಟ್ಟದ್ದು ಅಂದಿನ ಕೂಳನ್ನು. ರೆಸಾರ್ಟಿನಲ್ಲಿ ಊಟ ಕಾದಿರುವವನು ಮೀನು ಬಿಟ್ಟರೆ ಅವನು ಬಿಟ್ಟದ್ದು ಏನು?

ಈ ವಾದಗಳನ್ನು ಕೇಳುವಾಗ ಒಂದು ಎಚ್ಚರ ಅಗತ್ಯ. ಸೋಮದೇವನ ದೃಷ್ಟಾಂತದಲ್ಲಿ ರೈತ ಮೇಲೆ ನಿಂತು ಬೆಸ್ತ ಕೆಳಗಿಳಿದ; ಹೀಗೆ ಅಹಿಂಸೆಯ ತಕ್ಕಡಿ ಜಾತಿಯ ತಕ್ಕಡಿಯೂ ಆಗುತ್ತದೆ, ಆಗಿದೆ. ತುಂಗಭದ್ರೆಯ ದಡದ ಬೆಸ್ತರು, ಅಂಬಿಗರು, ಗಂಗಾಮತಸ್ಥರು ಹೊಳೆಯನ್ನು ತಾಯಿಯೆಂದು ಪೂಜಿಸಿ ಬಲೆ ಇಳಿಸುವವರು. ಹನ್ನೆರಡನೆಯ ಶತಮಾನದಲ್ಲಿ ಇದೇ ವೃತ್ತಿಯ ಅಂಬಿಗರ ಚೌಡಯ್ಯ ಶರಣರ ಸಾಲಿನಲ್ಲಿ ಕೂತು ಯಾರ ಮುಲಾಜೂ ಇಲ್ಲದ ವಚನ ಹೇಳಿದ; ಅವನ ಹೆಸರಿನ ಚೌಡಯ್ಯದಾನಪುರ ರಾಣೆಬೆನ್ನೂರು ತಾಲ್ಲೂಕಿನಲ್ಲಿ, ಹೊಸಪೇಟೆಯಿಂದ ಮೇಲೆ, ಇದೇ ಹೊಳೆಯ ದಂಡೆಯಲ್ಲಿದೆ. ಕಾಯಕವನ್ನು ಹುಟ್ಟಿನ ಕೊಳೆಯಿಂದ ಬಿಡಿಸಿ ನೋಡಿದ ಆ ಕಾಲದ ಕಣ್ಣಿಗೆ ಹುಟ್ಟು ಹಾಕುವ ಕೈ ಕೀಳಾಗಿ ಕಾಣಲಿಲ್ಲ. ಮಹಾಭಾರತದ ಧರ್ಮವ್ಯಾಧನೂ ಮಾಂಸ ಮಾರುವ ಅಂಗಡಿಯಲ್ಲಿ ಕೂತೇ ತಪಸ್ವಿಗೆ ಧರ್ಮ ಕಲಿಸುತ್ತಾನೆ, ನೇಗಿಲೂ ಕೊಲ್ಲುತ್ತದೆಂಬುದನ್ನು ನೆನಪಿಸುತ್ತಾನೆ. ಜೈನರ ಸಂಕಲ್ಪದ ಅಳತೆಗೋಲನ್ನೇ ಪ್ರಾಮಾಣಿಕವಾಗಿ ಹಿಡಿದರೆ ಕೂಡ, ಕೆಳಗಿನ ಮೆಟ್ಟಿಲಿಗೆ ಇಳಿಯಬೇಕಾದವನು ಮಕ್ಕಳ ಹೊಟ್ಟೆಗೆಂದು ಬಲೆ ಬೀಸುವವನಲ್ಲ. ಹೊತ್ತು ಕಳೆಯಲೆಂದು ಗಾಳ ಕೇಳಿ ಪಡೆದ ಅತಿಥಿ ಅವನಿಗಿಂತ ಒಂದು ಮೆಟ್ಟಿಲಾದರೂ ಕೆಳಗೆ ಕೂರಬೇಕು.

ಹಿಡಿದು ಬಿಡುವ ಪದ್ಧತಿ ಕರ್ನಾಟಕದಲ್ಲಿ ಹೆಸರಾದದ್ದು ತುಂಗಭದ್ರೆಯಲ್ಲಲ್ಲ, ಕಾವೇರಿಯಲ್ಲಿ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಶಿಬಿರಗಳಲ್ಲಿ ದೇಶವಿದೇಶದ ಗಾಳಗಾರರು ಮಹಸೀರ್ ಹಿಡಿದು, ತೂಗಿ, ಚಿತ್ರ ತೆಗೆಸಿಕೊಂಡು ನೀರಿಗೆ ಬಿಡುತ್ತಿದ್ದರು. ಮೈಸೂರಿನ ವ್ಯಾನ್ ಇಂಗನ್ ಸೋದರರಲ್ಲೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಎಳೆದದ್ದು ಇಂದಿಗೂ ಮಾತಾಗುವ ದಾಖಲೆ. ಅದೇ ಕಾವೇರಿಯ ಗೂನುಬೆನ್ನಿನ ಮಹಸೀರನ್ನು 2018ರಲ್ಲಿ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಗಾಳಗಾರರು ಕಾವಲಿದ್ದುದರಿಂದ ಡೈನಮೈಟ್ ಹಾಕುವವರು ದೂರವಿದ್ದರೆಂಬ ವಾದಕ್ಕೆ ತೂಕವಿದೆ. ಆದರೆ ಅದು ಸಂರಕ್ಷಣೆಯ ವಾದ, ಅಹಿಂಸೆಯದಲ್ಲ. ಮೀನಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಗೆ 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿ, ಮುಖದಲ್ಲಿ ನೋವಿನ ನರಗ್ರಾಹಕಗಳನ್ನು ಗುರುತಿಸಿ ತೋರಿಸಿದರು. ಮೀನಿಗೆ ನೋವಿನ ಅರಿವೂ ಇದೆಯೇ ಎಂಬ ತಕರಾರು ವಿಜ್ಞಾನಿಗಳ ನಡುವೆ ನಿಂತಿಲ್ಲ. ಆದರೂ ಗಾಳ ಚುಚ್ಚುವುದು ತುಟಿಗೇ. ಬಿಟ್ಟ ಮೇಲೆ ಬದುಕಿದ ಮೀನಿನ ಮಟ್ಟಿಗೆ ಪಾಪ ಕಡಿಮೆಯಾಗಬಹುದು. ಹಿಡಿದವನ ಮಟ್ಟಿಗೆ ಆಟವಷ್ಟೇ ಉಳಿದು, ಅಗತ್ಯವೆಂಬ ಕೊನೆಯ ನೆಪವೂ ಕೈಬಿಡುತ್ತದೆ. ಇದು ಹಿಡಿದು ಬಿಡುವವರು ಸುಲಭಕ್ಕೆ ಒಪ್ಪದ ತೊಡಕು.

ಇನ್ನು ಉಳಿದದ್ದು ಕಾಯುವ ಸುಖ. ಅದನ್ನು ಧ್ಯಾನವೆನ್ನಲು ರಜೆಯವರಿಗೆ ಆಸೆ. ಕನ್ನಡ ಇದಕ್ಕೆ ಬಹಳ ಹಿಂದೆಯೇ ಒಂದು ಹೆಸರಿಟ್ಟು ಕುಳಿತಿದೆ: ಬಕಧ್ಯಾನ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ತಾಣವಾಯಿತು. ಅಲ್ಲಿ ಬೇಸಿಗೆಯ ಬೆಳಗಿನಲ್ಲಿ ಬಕಗಳನ್ನು ನೋಡಿದವರಿಗೆ ಮಾತಿನ ಮೊನೆ ತಿಳಿಯುತ್ತದೆ. ಒಂಟಿ ಕಾಲು, ಅರೆಮುಚ್ಚಿದಂತಿರುವ ಕಣ್ಣು, ಕಲ್ಲಿನಂಥ ನಿಶ್ಚಲತೆ, ಆಮೇಲೆ ಮಿಂಚಿನಂತೆ ಕೊಕ್ಕು. ಪಂಚತಂತ್ರದ ಬಕ ಇದೇ ವೇಷದಲ್ಲಿ ಮೀನುಗಳ ವಿಶ್ವಾಸ ಗಿಟ್ಟಿಸಿ ಒಂದೊಂದಾಗಿ ತಿಂದು, ಕೊನೆಗೆ ಏಡಿಯ ಕೈಯಲ್ಲಿ ಕತ್ತು ಕಳೆದುಕೊಂಡಿತು. ನುಡಿಗಟ್ಟು ಬಕವನ್ನು ಬೈಯಲು ಹುಟ್ಟಿದ್ದಾದರೂ ಅದರೊಳಗೆ ಒಂದು ಸೂಕ್ಷ್ಮವಿದೆ. ಬಕದ ಏಕಾಗ್ರತೆ ಸುಳ್ಳಲ್ಲ, ಯೋಗಿಯದಕ್ಕಿಂತ ಕಡಿಮೆಯೂ ಇರಲಾರದು. ಏಕಾಗ್ರತೆ ಬರೀ ಒಂದು ಶಕ್ತಿ. ಅದರ ಗುಣ ತೀರ್ಮಾನವಾಗುವುದು ಅದು ಏತಕ್ಕೆ ಕಾಯುತ್ತಿದೆ ಎಂಬುದರಿಂದ. ಇಲ್ಲಿ ಜೈನರ ಸಂಕಲ್ಪವೂ ಆಡುಮಾತಿನ ಬಕವೂ ಒಂದೇ ದಡಕ್ಕೆ ಬರುತ್ತವೆ. ಬಕಕ್ಕೆ ಮಾತ್ರ ಒಂದು ರಿಯಾಯಿತಿ ಉಂಟು: ಅದಕ್ಕೆ ಹಸಿವಾಗಿದೆ.

ಹಾಗಾದರೆ ದಡದಲ್ಲಿ ಕೂರಲೇಬಾರದೇ? ಸಂಪ್ರದಾಯಗಳು ಇಲ್ಲಿ ಒಂದೇ ಉತ್ತರ ಕೊಡುವುದಿಲ್ಲ. ಬಹುಪಾಲು ಜನ ಬದುಕಿದ್ದು ಬೇಡವೆಂಬುದಕ್ಕೂ ಬೇಕೆಂಬುದಕ್ಕೂ ನಡುವಿನ ಮಿತಿಗಳಲ್ಲಿ. ಅಶೋಕ ತನ್ನ ಆಳ್ವಿಕೆಯ 26ನೆಯ ವರ್ಷದ ಸ್ತಂಭಶಾಸನವೊಂದರಲ್ಲಿ ಮೀನನ್ನು ಎಂದಿಗೂ ಹಿಡಿಯಬೇಡಿ ಎನ್ನಲಿಲ್ಲ. ಹುಣ್ಣಿಮೆ ಮೊದಲಾದ ಗೊತ್ತಾದ ದಿನಗಳಲ್ಲಿ ಕೊಲ್ಲಬೇಡಿ, ಮಾರಬೇಡಿ ಎಂದ. ಆ ಶಾಸನ ಉತ್ತರದ್ದು, ಆದರೆ ಅವನ ಮಾತು ಈ ಹೊಳೆಯ ತನಕ ಬಂದಿತ್ತೆಂಬುದಕ್ಕೆ ತುಂಗಭದ್ರೆಯ ಸೀಮೆಯ ನಿಟ್ಟೂರು, ಉಡೆಗೊಳದ ಬಂಡೆಶಾಸನಗಳು ಸಾಕ್ಷಿ. ಇಂದಿಗೂ ಮೀನು ತಿನ್ನುವ ಎಷ್ಟೋ ಮನೆಗಳಲ್ಲಿ ಸೋಮವಾರವೋ ಶನಿವಾರವೋ ಒಲೆಗೆ ಮೀನು ಏರುವುದಿಲ್ಲ, ಶ್ರಾವಣದಲ್ಲಂತೂ ಇಲ್ಲವೇ ಇಲ್ಲ. ಮೃಗಸೇನನ ವ್ರತವೂ ಇದೇ ಜಾತಿಯದು.

ಈಗಿನ ಮಿತಿಗಳನ್ನು ಕಾನೂನು ಬರೆಯುತ್ತದೆ. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಒಳನಾಡು ಮೀನುಗಾರಿಕೆಗೆ ರಾಜ್ಯದ್ದೇ ಆದ 1996ರ ಕಾಯ್ದೆಯೂ ಇದೆ. ಹಾಗಾಗಿ ದಡದ ಹುಡುಗನಿಂದ ಇಸಕೊಂಡ ಕೋಲಿಗೂ ಅಪ್ಪಣೆಯ ಪ್ರಶ್ನೆ ಬರುತ್ತದೆ, ಕೇಳಿಯೇ ಇಳಿಯುವುದು ಲೇಸು. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಹಂಪಿಯ ದಡ ಇದರೊಳಗೇ ಬರುತ್ತದೆ. ನೀರುನಾಯಿಗಳು ಗುಂಪಾಗಿ ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತವೆ. ಬಲೆಯ ಮೀನಿಗೂ ಬಾಯಿ ಹಾಕುವುದರಿಂದ ಬೆಸ್ತರಿಗೆ ಅವುಗಳ ಮೇಲೆ ಸಿಟ್ಟು. ಬೇಸಿಗೆಯಲ್ಲಿ ಮಡು ಕಿರಿದಾದಾಗ ನೀರುನಾಯಿ, ಮೊಸಳೆ, ಬಕ, ಬೆಸ್ತ, ಎಲ್ಲರಿಗೂ ಇರುವುದು ಅದೇ ಮೀನು. ರಜೆಗೆ ಬಂದವನ ಗಾಳ ಬೀಳುವುದೂ ಅದೇ ಮಡುವಿಗೆ, ಸಾಲಿನಲ್ಲಿ ಕೊನೆಯವನಾಗಿ, ಆ ಸಾಲಿನಲ್ಲಿ ಹಸಿವಿಲ್ಲದವನು ಅವನೊಬ್ಬನೇ ಆಗಿ.